ಆಮೆಯ ಎತ್ತರಕ್ಕೆ ಬಗ್ಗಿದವರು

ಬ್ರೆಜಿಲ್‌ನ ಫೋಟೊಗ್ರಾಫರ್ ಸೆಬಾಸ್ಟಿಯಾವೊ ಸಲ್ಗಾಡೊ ಬಗ್ಗೆ ಲೇಖನ ಬರೆದದ್ದಕ್ಕೆ ಥ್ಯಾಂಕ್ಸ್ ಸರ್. ಅವರು ಸುತ್ತಿದ ದೂರದ ಊರು, ಜನ ಎಲ್ಲ ಚೆನ್ನಾಗಿ ಬಂದಿದೆ. ಆದರೆ ಅವರು ಬೆಳೆಸಿದ ಕಾಡಿನ ಮಾತು ಒಂದೇ ಸಾಲಿಗೆ ಮುಗಿಯಿತು, ಅದೊಂದೇ ಬೇಜಾರು.

ಆಫ್ರಿಕಾದ ರುವಾಂಡಾದಲ್ಲಿ ನಡೆದ ನರಮೇಧ ಕಣ್ಣಾರೆ ಕಂಡು ಅವರ ಮೈ, ಮನಸ್ಸು ಎರಡೂ ಕುಸಿದಿದ್ದವು. ಕ್ಯಾಮೆರಾನೇ ಬೇಡ ಅನಿಸಿತ್ತು. ಬ್ರೆಜಿಲ್‌ನಲ್ಲಿ ಅಪ್ಪನ ಜಮೀನಿಗೆ ಬಂದರೆ, ಚಿಕ್ಕಂದಿನಲ್ಲಿ ಕಂಡ ಕಾಡೆಲ್ಲ ಬೋಳು. ಮತ್ತೆ ಕಾಡು ಬೆಳೆಸೋಣ ಅಂದವರು ಹೆಂಡತಿ ಲೇಲಿಯಾ. 1998ರಲ್ಲಿ ಇಬ್ಬರೂ ಸೇರಿ 'ಇನ್‌ಸ್ಟಿಟ್ಯೂಟೊ ಟೆರ್ರಾ' ಅನ್ನೋ ಕಾಡು ಬೆಳೆಸುವ ಸಂಸ್ಥೆ ಕಟ್ಟಿದರು. ಅಲ್ಲಿ ಈವರೆಗೆ 20 ಲಕ್ಷಕ್ಕೂ ಜಾಸ್ತಿ ಗಿಡ ನೆಡಲಾಗಿದೆ. ಹಕ್ಕಿಗಳು ಬಂದವು, ಬತ್ತಿದ ಒರತೆಗಳಲ್ಲಿ ನೀರು ಜಿನುಗಿತು. ಅವರು ಪ್ರಕೃತಿಯ ಕಡೆ ಕ್ಯಾಮೆರಾ ತಿರುಗಿಸಿ 2004ರಲ್ಲಿ ಹೊರಟಿದ್ದು ಇದಾದ ಮೇಲೆಯೇ ಅಲ್ವಾ?

ಪೆಸಿಫಿಕ್ ಸಾಗರದ ಗಲಾಪಗೋಸ್ ದ್ವೀಪಗಳಲ್ಲಿ ನಿಂತುಕೊಂಡು ಹತ್ತಿರ ಹೋದರೆ ದೈತ್ಯ ಆಮೆ ದೂರ ಸರಿಯುತ್ತಿತ್ತಂತೆ. ಮಂಡಿ, ಅಂಗೈ ನೆಲಕ್ಕೂರಿ ಅದರ ಎತ್ತರಕ್ಕೆ ಬಗ್ಗಿದರು. ಆಗ ಅದೇ ಹತ್ತಿರ ಬಂತಂತೆ. ಸೈಬೀರಿಯಾದ ನೆನೆಟ್ಸ್ ಜನ, ಅವರ ಹಿಮಸಾರಂಗಗಳ ಜೊತೆ ವಾರಗಟ್ಟಲೆ ಇದ್ದದ್ದೂ ಇದೇ ತಾಳ್ಮೆಯಿಂದಲೇ ಅನಿಸುತ್ತದೆ.

ಅವರು ತೆಗೆದ ಇಗುವಾನದ (ದೊಡ್ಡ ಹಲ್ಲಿಯಂಥ ಪ್ರಾಣಿ) ಕಾಲಿನ ಫೋಟೊ ಒಮ್ಮೆ ದೊಡ್ಡದು ಮಾಡಿ ನೋಡಿ. ಒಂದೊಂದು ಹುರುಪೆಯೂ ಹೊಳೆಯುತ್ತದೆ, ಥೇಟ್ ಯೋಧನ ಲೋಹದ ಕೈಗವಸು! ನಾನಂತೂ ತುಂಬಾ ಹೊತ್ತು ಅದನ್ನೇ ನೋಡುತ್ತಾ ಕೂತಿದ್ದೆ.