ಲಗ್ನಪತ್ರಿಕೆ ಒತ್ತಿದ್ದೇ ತಪ್ಪಾ?

ಬುಧವಾರ ಬೆಳಗ್ಗೆ ಅಪ್ಪ ಮೂರು ಸಲ ಫೋನ್ ಮಾಡಿದ್ರು. ಮೂರೂ ಸಲ ಕಟ್ ಮಾಡಿದೆ. ಸ್ಟ್ಯಾಂಡಪ್ ಮೀಟಿಂಗು. ಹೆಸರಿಗೆ ಹದಿನೈದು ನಿಮಿಷ, ಮುಗಿಯೋದು ಮುಕ್ಕಾಲು ಗಂಟೆಗೆ. ನಾಲ್ಕನೇ ಸಲ ಎತ್ತಿದಾಗ ಅಪ್ಪ ಅಂದಿದ್ದು ಇಷ್ಟೇ: "ದುಡ್ಡು ಹೋಗ್ತಾ ಇದೆ ಕಣೋ."

ಹಿಂದಿನ ರಾತ್ರಿ ಹಳೇ ಸಹೋದ್ಯೋಗಿಯ ನಂಬರಿಂದ ವಾಟ್ಸ್ಆಪ್‌ಗೆ 'ಮದುವೆ ಆಮಂತ್ರಣ' ಬಂದಿದೆ. ಮೇಷ್ಟ್ರಾಗಿದ್ದವರು, ವಾರಕ್ಕೆರಡು ಲಗ್ನಪತ್ರಿಕೆ ಬರುತ್ತೆ, ಒತ್ತಿದ್ದಾರೆ. ಅದು ಎಪಿಕೆ ಫೈಲು, ಅಂದ್ರೆ ಫೋನಿಗೆ ಆ್ಯಪ್ ಇಳಿಸೋ ಫೈಲು. ಪತ್ರಿಕೆ ತೆರೆದುಕೊಳ್ಳಲಿಲ್ಲ. ನೆಟ್ ಸ್ಲೋ ಇರಬೇಕು ಅಂದುಕೊಂಡು ಚಾರ್ಜಿಗೆ ಹಾಕಿ ಮಲಗಿದ್ದಾರೆ. ಕಳಿಸಿದವರ ಫೋನೇ ಕಳ್ಳರ ಕೈಲಿತ್ತು ಅಂತ ಆಮೇಲೆ ಗೊತ್ತಾಯ್ತು. ಒಟಿಪಿ ಯಾರಿಗೂ ಹೇಳಬೇಡಿ ಅಂತ ಅಪ್ಪನಿಗೆ ಬಾಯಿಪಾಠ ಮಾಡಿಸಿದ್ದೆ. ಅವರು ಯಾರಿಗೂ ಹೇಳಲೇ ಇಲ್ಲ ಸ್ವಾಮಿ, ಮೆಸೇಜುಗಳನ್ನ ಆ ಆ್ಯಪ್ಪೇ ಓದಿಕೊಂಡಿತು. ಆರು ಕಂತಲ್ಲಿ 86 ಸಾವಿರ.

ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಬೇಗ ಹೇಳಿದ್ರೆ ದುಡ್ಡನ್ನ ಕಳ್ಳನ ಖಾತೆಯಲ್ಲೇ ತಡೆಹಿಡಿಯೋ ಸಾಧ್ಯತೆ ಇರುತ್ತೆ. ನಾನು ಕಟ್ ಮಾಡಿದ ಆ ಮೂರು ಕಾಲ್ ನೆನಪಾದಾಗೆಲ್ಲ ಹೊಟ್ಟೆ ಕಿವುಚಿದ ಹಾಗಾಗುತ್ತೆ. ಅವತ್ತು ಮೀಟಿಂಗಲ್ಲಿ ಚರ್ಚೆ ಆಗಿದ್ದೇನು ಗೊತ್ತಾ? ಒಂದು ಬಟನ್ನಿನ ಬಣ್ಣ.

ಬೆಳ್ಳಂದೂರಿಂದ ಸಿಲ್ಕ್ ಬೋರ್ಡ್ ದಾಟಿ ಹನುಮಂತನಗರ ಸೇರೋಷ್ಟರಲ್ಲಿ ಮಧ್ಯಾಹ್ನ. ಬ್ಯಾಂಕಲ್ಲಿ, "ಸರ್, ಒಟಿಪಿ ಕರೆಕ್ಟಾಗೇ ಬಿದ್ದಿದೆಯಲ್ಲ, ನಿಮ್ಮ ತಂದೆಯವರು ಹುಷಾರಾಗಿರಬೇಕಿತ್ತು" ಅಂದ್ರು. ಅಪ್ಪ ತಲೆ ತಗ್ಗಿಸಿ ಪಾಸ್‌ಬುಕ್ಕಿನ ಮೂಲೆ ಸವರ್ತಾ ಕೂತಿದ್ರು. ನನಗೆ ಮೈಯೆಲ್ಲ ಉರಿದುಹೋಯ್ತು. ಸಹಿ ಸ್ವಲ್ಪ ನಡುಗಿದೆ ಅಂತ ಹೋದ ತಿಂಗಳು ಇವರ ಚೆಕ್ ವಾಪಸ್ ಮಾಡಿದ ಬ್ಯಾಂಕು ಇದೇ. ಬೆಳ್ಳಂಬೆಳಗ್ಗೆ ಆರು ಸಲ ದುಡ್ಡು ಹಾರಿಹೋದಾಗ ಕಮಕ್ ಕಿಮಕ್ ಅನ್ನಲಿಲ್ಲ. ಗ್ರಾಹಕನದೂ ಬ್ಯಾಂಕಿನದೂ ತಪ್ಪಿಲ್ಲದೆ ದುಡ್ಡು ಹೋಗಿ, ಮೂರು ಕೆಲಸದ ದಿನದೊಳಗೆ ತಿಳಿಸಿದ್ರೆ ಗ್ರಾಹಕನ ಹೊಣೆ ಸೊನ್ನೆ ಅಂತ ರಿಸರ್ವ್ ಬ್ಯಾಂಕು 2017ರಲ್ಲೇ ಸುತ್ತೋಲೆ ಹೊರಡಿಸಿತ್ತು. ತೋರಿಸಿದೆ. "ಒತ್ತಿದ್ದು ನಿಮ್ಮವರೇ ಅಲ್ವಾ ಸರ್? ಇರಲಿ, ಹೆಡ್ ಆಫೀಸಿಗೆ ಬರೀತೀವಿ." ಬರೀರಪ್ಪ.

ಆಫೀಸಲ್ಲಿ ಒಬ್ಬ ಸಮಾಧಾನ ಮಾಡಿದ: "86 ಸಾವಿರ ತಾನೇ ಗುರು, ಇಂದಿರಾನಗರದಲ್ಲಿ ಒಬ್ಬರಿಗೆ ಡಿಜಿಟಲ್ ಅರೆಸ್ಟ್ ಅಂತ ಹೆದರಿಸಿ 31 ಕೋಟಿ ಹೊಡೆದಿದ್ದಾರೆ." ಹೌದು, 2025ರ ನವೆಂಬರಲ್ಲಿ ಆ ಸುದ್ದಿ ನಾನೂ ಓದಿದ್ದೆ. ಪೊಲೀಸರ ವೇಷದಲ್ಲಿ ವಿಡಿಯೋ ಕಾಲ್ ಮಾಡಿ 'ನಿಮ್ಮನ್ನ ಬಂಧಿಸಿದ್ದೀವಿ' ಅನ್ನೋ ಈ ಡಿಜಿಟಲ್ ಅರೆಸ್ಟ್ ನಮ್ಮ ಕಾನೂನಲ್ಲೇ ಇಲ್ಲ. ಆದರೂ ಜನ ತಿಂಗಳುಗಟ್ಟಲೆ ಕ್ಯಾಮೆರಾ ಮುಂದೆ ನಡುಗ್ತಾ ಕೂರ್ತಾರೆ. ಅವರ ಕೋಟಿ ಹೋಯ್ತು ಅಂತ ನಮ್ಮಪ್ಪನ ಪಿಂಚಣಿ ದುಡ್ಡು ಹೋಗಿದ್ದು ಹಗುರ ಆಗುತ್ತಾ?

ಇಷ್ಟರ ಮಧ್ಯೆ ಶುಕ್ರವಾರ 'ಬೋನಸ್ ವಿವರಕ್ಕೆ ಇಲ್ಲಿ ಒತ್ತಿ' ಅಂತ ಒಂದು ಮೇಲ್ ಬಂತು. ಆಸೆಗೆ ಬಿದ್ದು ಒತ್ತಿದೆ. ನಮ್ಮ ಕಂಪನಿಯವರೇ ನೌಕರರನ್ನ ಪರೀಕ್ಷಿಸೋಕೆ ಬಿಟ್ಟ ನಕಲಿ ಮೇಲಂತೆ. ಈಗ ನನಗೆ ನಲವತ್ತು ನಿಮಿಷದ ಟ್ರೈನಿಂಗು, ಮ್ಯಾನೇಜರಿಗೊಂದು ಪ್ರತಿ. ಬೋನಸ್ಸು ಮಾತ್ರ ಈ ವರ್ಷವೂ ಇಲ್ಲ.

ನಿನ್ನೆ ರಾತ್ರಿ ಅಪ್ಪ ಫೋನ್ ಹಿಡ್ಕೊಂಡು ಬಂದ್ರು. ಬ್ಯಾಂಕಿನ ಮೆಸೇಜು: 'ನಮ್ಮ ಶಾಖೆಯ ಸೇವೆ ಹೇಗಿತ್ತು? ತಿಳಿಸಲು ಈ ಲಿಂಕ್ ಒತ್ತಿ.'