ಮಗುವಿನ ತಪ್ಪನ್ನು ಓದಲು ಕಲಿಸುವ ವಿಶ್ವವಿದ್ಯಾಲಯ ಬೇಕು

52ರಲ್ಲಿ 27 ಕಳೆದು ಒಂದು ಮಗು 35 ಎಂದು ಬರೆದಿದೆ ಎಂದುಕೊಳ್ಳಿ. ಕೆಂಪು ಶಾಯಿಯಲ್ಲಿ ಅದನ್ನು ಹೊಡೆದುಹಾಕಿ ಪಕ್ಕದಲ್ಲಿ 25 ಎಂದು ಬರೆದರೆ ಪುಸ್ತಕ ತಿದ್ದಿದ ಲೆಕ್ಕ ಮುಗಿಯಿತು. ಆದರೆ ಆ 35 ಎಲ್ಲಿಂದ ಬಂತು? ಬಿಡಿಸ್ಥಾನದಲ್ಲಿ 2ರಿಂದ 7 ಕಳೆಯಲಾಗದು ಎಂದು ಮಗುವಿಗೆ ಗೊತ್ತಿದೆ. ಹಾಗಾಗಿ 7ರಿಂದ 2 ಕಳೆದು 5 ಬರೆಯಿತು. ಹತ್ತರ ಸ್ಥಾನದಲ್ಲಿ 5ರಿಂದ 2 ಕಳೆದು 3 ಬರೆಯಿತು. ದೊಡ್ಡದರಿಂದ ಚಿಕ್ಕದನ್ನು ಕಳೆಯಬೇಕೆಂದು ಹಿಂದಿನ ತರಗತಿಯಲ್ಲಿ ಹೇಳಿಕೊಟ್ಟಿದ್ದನ್ನು ಅದು ಚಾಚೂ ತಪ್ಪದೆ ಪಾಲಿಸಿದೆ. ಗಮನವಿಟ್ಟು, ಕ್ರಮವಾಗಿ, ತನಗೆ ತಿಳಿದ ನಿಯಮದಂತೆ ನಡೆದುಕೊಂಡ ಮಗುವಿಗೆ ನಾವು "ಗಮನ ಸಾಲದು" ಎಂದು ಷರಾ ಬರೆಯುತ್ತೇವೆ.

ಶಿಕ್ಷಣಶಾಸ್ತ್ರವನ್ನು ವಿಶ್ವವಿದ್ಯಾಲಯದಲ್ಲಿ ಏಕೆ ಓದಬೇಕು ಎಂದು ಯಾರಾದರೂ ಕೇಳಿದರೆ ನಾನು ಈ 35ನ್ನೇ ತೋರಿಸುತ್ತೇನೆ. ಶಿಕ್ಷಣವನ್ನೇ ವಿಷಯವಾಗಿ ಓದಿ, ಈಗ ಪ್ರಶಿಕ್ಷಣಾರ್ಥಿಗಳು ಪಾಠ ಮಾಡುವುದನ್ನು ತರಗತಿಯ ಹಿಂದಿನ ಬೆಂಚಿನಲ್ಲಿ ಕುಳಿತು ನೋಡುವ ಕೆಲಸದಲ್ಲಿರುವವಳು ನಾನು. ಮಗುವಿನ ತಪ್ಪು ಉತ್ತರವನ್ನು ಓದಲು ಬಾರದವರಿಗೆ ಶಿಕ್ಷಕ ಪದವಿ ಕೊಡುವುದು ಅನ್ಯಾಯ ಎಂಬುದು ನನ್ನ ಗಟ್ಟಿಯಾದ ಅಭಿಪ್ರಾಯ. ಅನ್ಯಾಯ ಆಗುವುದು ಮಗುವಿಗಷ್ಟೇ ಅಲ್ಲ, ಆ ಪದವಿ ನಂಬಿ ತರಗತಿಗೆ ಕಾಲಿಡುವ ಹೊಸ ಶಿಕ್ಷಕರಿಗೂ.

"ವಿಷಯ ಚೆನ್ನಾಗಿ ಗೊತ್ತಿದ್ದರೆ ಸಾಕು, ಕಲಿಸುವುದು ತಾನಾಗಿ ಬರುತ್ತದೆ" ಎಂಬ ಮಾತು ಓದಿಕೊಂಡವರ ಬಾಯಲ್ಲೇ ಹೆಚ್ಚು. ಹೀಗೆ ಅನ್ನಿಸಲು ಕಾರಣವಿದೆ. ಬೇರೆ ಯಾವ ವೃತ್ತಿಯನ್ನೂ ನಾವು ಇಷ್ಟು ಹತ್ತಿರದಿಂದ, ಇಷ್ಟು ವರ್ಷ ನೋಡಿರುವುದಿಲ್ಲ. ಅಮೆರಿಕದ ಸಮಾಜಶಾಸ್ತ್ರಜ್ಞ ಡ್ಯಾನ್ ಲಾರ್ಟಿ 1975ರಲ್ಲಿ ಇದನ್ನು ಬಲು ಸ್ಪಷ್ಟವಾಗಿ ಗುರುತಿಸಿದರು. ಶಾಲೆ ಮುಗಿಸುವ ಹೊತ್ತಿಗೆ ಒಬ್ಬ ವಿದ್ಯಾರ್ಥಿ ಶಿಕ್ಷಕರನ್ನು ನೋಡುತ್ತ ಸುಮಾರು 13,000 ಗಂಟೆ ಕಳೆದಿರುತ್ತಾನೆ ಎಂದು ಅವರು ಲೆಕ್ಕ ಹಾಕಿದ್ದರು. ತೊಂದರೆ ಇರುವುದೂ ಇಲ್ಲೇ. ಬೆಂಚಿನಿಂದ ಕಾಣುವುದು ಶಿಕ್ಷಕರ ನಡೆ, ನುಡಿ, ಬರಹ, ಗದರಿಕೆ. ಈ ಉದಾಹರಣೆಯನ್ನೇ ಏಕೆ ಆರಿಸಿದರು, ಆ ಪ್ರಶ್ನೆಯನ್ನು ಆ ಹುಡುಗಿಗೇ ಏಕೆ ಕೇಳಿದರು, ಪಾಠವನ್ನು ನಡುವೆ ಏಕೆ ತಿರುಗಿಸಿದರು ಎಂಬುದು ಕಾಣುವುದಿಲ್ಲ. ಹಾಗಾಗಿ ತರಬೇತಿಗೆ ಬರುವ ಬಹುತೇಕರು ತಮಗೆ ಪಾಠ ಹೇಳಿದವರ ಹಾವಭಾವಗಳನ್ನು ಹೊತ್ತುಕೊಂಡೇ ಬಂದಿರುತ್ತಾರೆ. ತರಬೇತಿ ಗಟ್ಟಿಯಾಗಿಲ್ಲದಿದ್ದರೆ ಅದನ್ನೇ ಹೊತ್ತುಕೊಂಡು ಹಿಂತಿರುಗುತ್ತಾರೆ.

ದೊಡ್ಡ ಪಂಡಿತರನ್ನು ತಂದು ಕೂರಿಸಿದರೆ ಶಿಕ್ಷಕರು ತಯಾರಾಗುತ್ತಾರೆಯೇ ಎಂಬ ಪರೀಕ್ಷೆ ಇತಿಹಾಸದಲ್ಲಿ ಒಮ್ಮೆ ನಡೆದುಹೋಗಿದೆ. ಕ್ರಾಂತಿಯ ಕಾಲದ ಫ್ರಾನ್ಸ್ 1794ರಲ್ಲಿ ಪ್ಯಾರಿಸ್‌ನಲ್ಲಿ ಎಕೋಲ್ ನಾರ್ಮಾಲ್ ಎಂಬ ಶಿಕ್ಷಕರ ಶಾಲೆಗೆ ಆದೇಶ ಹೊರಡಿಸಿತು. ಪಾಠಗಳು ಶುರುವಾದದ್ದು 1795ರ ಜನವರಿಯಲ್ಲಿ. ಲಾಪ್ಲಾಸ್, ಲಗ್ರಾಂಜ್, ಮೊಂಜ್, ಬರ್ತೊಲೆ ಅವರಂಥ ಆ ಯುಗದ ಅತ್ಯುತ್ತಮ ಗಣಿತಜ್ಞರು, ವಿಜ್ಞಾನಿಗಳು ಉಪನ್ಯಾಸ ಕೊಟ್ಟರು. ದೇಶದ ನಾನಾ ಕಡೆಯಿಂದ ಬಂದ ಸಾವಿರಕ್ಕೂ ಹೆಚ್ಚು ಮಂದಿ ಅದನ್ನು ಕೇಳಿ, ತಮ್ಮ ಪ್ರಾಂತ್ಯಗಳಿಗೆ ಮರಳಿ ಇತರ ಶಿಕ್ಷಕರನ್ನು ತಯಾರು ಮಾಡಬೇಕಿತ್ತು. ಕೆಲವೇ ತಿಂಗಳಲ್ಲಿ ಶಾಲೆ ಮುಚ್ಚಿತು. ಹಣದ ಮುಗ್ಗಟ್ಟು, ರಾಜಕೀಯದ ಗೊಂದಲ ಎಲ್ಲವೂ ಇದ್ದವು. ಆದರೆ ಅಲ್ಲಿ ವಿಜ್ಞಾನ ಹೇಳುತ್ತಿದ್ದಾರೆ, ಕಲಿಸುವ ಕಲೆಯನ್ನು ಹೇಳುತ್ತಿಲ್ಲ ಎಂಬ ದೂರು ಆಗಲೇ ಎದ್ದಿತ್ತು. ಲಗ್ರಾಂಜ್ ಅವರಿಗಿಂತ ಹೆಚ್ಚು ಗಣಿತ ಬಲ್ಲವರನ್ನು ನಾವು ಎಲ್ಲಿಂದ ತರೋಣ?

ವಿಷಯಜ್ಞಾನ ಮುಖ್ಯವಲ್ಲ ಎಂದು ನಾನು ಹೇಳುತ್ತಿಲ್ಲ. ಅದಿಲ್ಲದೆ ಒಂದು ಹೆಜ್ಜೆಯೂ ಸಾಗದು. ಆದರೆ ಕಲಿಸುವವರಿಗೆ ಬೇಕಾದ ವಿಷಯಜ್ಞಾನದ ಬಗೆಯೇ ಬೇರೆ. ಅಮೆರಿಕದ ಶಿಕ್ಷಣ ಮನೋವಿಜ್ಞಾನಿ ಲೀ ಶುಲ್ಮನ್ 1986ರಲ್ಲಿ ಇದಕ್ಕೊಂದು ಸ್ಥಾನ ಕೊಟ್ಟರು. ಯಾವ ಉದಾಹರಣೆ ಯಾವ ಪರಿಕಲ್ಪನೆಯನ್ನು ತೆರೆದು ತೋರಿಸುತ್ತದೆ, ಒಂದು ವಿಷಯ ಕಲಿಯುವವರಿಗೆ ಎಲ್ಲಿ ಕಷ್ಟವಾಗುತ್ತದೆ, ಅವರು ತರಗತಿಗೆ ಬರುವಾಗಲೇ ಯಾವ ತಪ್ಪು ಕಲ್ಪನೆಗಳನ್ನು ಹೊತ್ತು ತಂದಿರುತ್ತಾರೆ ಎಂಬ ತಿಳಿವಳಿಕೆ ಅದು. ಎಂಜಿನಿಯರಿಗೂ ಭಿನ್ನರಾಶಿ ಗೊತ್ತು, ಶಿಕ್ಷಕಿಗೂ ಗೊತ್ತು. ಆದರೆ ½ ಮತ್ತು ⅓ ಕೂಡಿಸಿ ಮಕ್ಕಳು ⅖ ಎಂದು ಏಕೆ ಬರೆಯುತ್ತಾರೆ ಎಂಬುದು ಶಿಕ್ಷಕಿಗೆ ಗೊತ್ತಿರಲೇಬೇಕು, ಎಂಜಿನಿಯರಿಗೆ ಅದರ ಅಗತ್ಯವಿಲ್ಲ.

ಈ ತಿಳಿವಳಿಕೆಯಿಂದ ಮಕ್ಕಳ ಕಲಿಕೆ ನಿಜಕ್ಕೂ ಹೆಚ್ಚುತ್ತದೆಯೇ? ಫಿಲಿಪ್ ಸ್ಯಾಡ್ಲರ್ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ನಾನು ಪ್ರತಿ ವರ್ಷವೂ ವಿದ್ಯಾರ್ಥಿಗಳ ಮುಂದೆ ಇಡುತ್ತೇನೆ. ಅಮೆರಿಕದ ಮಾಧ್ಯಮಿಕ ಶಾಲೆಗಳಲ್ಲಿ ವಿಜ್ಞಾನ ಕಲಿಸುವ 181 ಶಿಕ್ಷಕರಿಗೆ, ಮಕ್ಕಳಿಗೆ ಕೊಟ್ಟ ಬಹು ಆಯ್ಕೆಯ ಪ್ರಶ್ನೆಗಳನ್ನೇ ಕೊಟ್ಟು ಎರಡು ಸಂಗತಿ ಕೇಳಿದರು: ಸರಿಯುತ್ತರ ಯಾವುದು, ಮಕ್ಕಳು ಅತಿ ಹೆಚ್ಚಾಗಿ ಆರಿಸುವ ತಪ್ಪುತ್ತರ ಯಾವುದು. ಬಲವಾದ ತಪ್ಪು ಕಲ್ಪನೆ ಅಡಗಿದ್ದ ಪ್ರಶ್ನೆಗಳಲ್ಲಿ, ಎರಡನ್ನೂ ಬಲ್ಲ ಶಿಕ್ಷಕರ ಮಕ್ಕಳು ಹೆಚ್ಚು ಕಲಿತಿದ್ದರು. ಸರಿಯುತ್ತರವನ್ನಷ್ಟೇ ಬಲ್ಲವರ ಮಕ್ಕಳು ಅಷ್ಟು ಮುಂದೆ ಹೋಗಿರಲಿಲ್ಲ. ತಪ್ಪನ್ನು ಮುಂಗಾಣಬಲ್ಲ ಶಿಕ್ಷಕರ ಕೈಯಲ್ಲಿ ಮಗು ಹೆಚ್ಚು ಕಲಿಯುತ್ತದೆ ಎಂದಮೇಲೆ, ತಪ್ಪುಗಳ ಅಧ್ಯಯನಕ್ಕೆ ತರಬೇತಿಯ ಪಠ್ಯಕ್ರಮದಲ್ಲಿ ಒಂದು ಮೂಲೆಯಷ್ಟೇ ಜಾಗ ಏಕೆ?

ಕಳೆಯುವ ಲೆಕ್ಕದ ತಪ್ಪುಗಳನ್ನೇ ಹಿಡಿದು ಜಾನ್ ಸೀಲಿ ಬ್ರೌನ್ ಮತ್ತು ರಿಚರ್ಡ್ ಬರ್ಟನ್ 1970ರ ದಶಕದಲ್ಲಿ ಕಂಪ್ಯೂಟರಿಗೆ ಒಂದು ಆಟ ಕಟ್ಟಿದ್ದರು. ಅದರಲ್ಲಿ ಯಂತ್ರ ಒಂದು ನಿರ್ದಿಷ್ಟ ತಪ್ಪು ನಿಯಮ ಹಿಡಿದು ಲೆಕ್ಕ ಮಾಡುವ ಮಗುವಾಗುತ್ತದೆ. ಭಾವಿ ಶಿಕ್ಷಕರು ಅದಕ್ಕೆ ಲೆಕ್ಕಗಳನ್ನು ಕೊಡುತ್ತ ಹೋಗಿ, ಉತ್ತರಗಳನ್ನು ನೋಡಿ, ಒಳಗಿನ ತಪ್ಪು ನಿಯಮ ಯಾವುದೆಂದು ಪತ್ತೆ ಹಚ್ಚಬೇಕು. ಅಷ್ಟು ಹಿಂದೆಯೇ ಇಂಥದ್ದೊಂದು ಇತ್ತು ಎಂದು ಓದಿದಾಗ ನನಗೆ ಸಂತೋಷವಾಯಿತು, ಅದು ಎಲ್ಲ ತರಬೇತಿಗಳ ಭಾಗವಾಗಲಿಲ್ಲವಲ್ಲ ಎಂದು ಹೊಟ್ಟೆಯೂ ಉರಿಯಿತು.

ಇದು ಗಣಿತಕ್ಕೆ ಮಾತ್ರ ಸಂಬಂಧಿಸಿದ್ದಲ್ಲ. ನಮ್ಮ ಓದಿನ ಪಾಠವನ್ನೇ ತೆಗೆದುಕೊಳ್ಳಿ. 'ಸೂರ್ಯ' ಎಂಬ ಪದವನ್ನು ಮಗು 'ಸೂಯ್ರ' ಎಂದು ಓದುತ್ತದೆ. ಉಚ್ಚಾರಣೆ ಸರಿಯಿಲ್ಲ, ಅಭ್ಯಾಸ ಸಾಲದು ಎನ್ನುತ್ತೇವೆ. ಆದರೆ ಆ ಮಗು 'ಪುಸ್ತಕ', 'ಭಕ್ತ', 'ವಾಕ್ಯ' ಎಂಬ ಪದಗಳಲ್ಲಿ ಕಲಿತದ್ದೇನು? ಮೊದಲು ಮೇಲಿನ ದೊಡ್ಡ ಅಕ್ಷರ, ಆಮೇಲೆ ಅದಕ್ಕೆ ಸೇರಿದ ಒತ್ತು. ಆ ನಿಯಮದಂತೆ ಯಕಾರವನ್ನು ಮೊದಲು ಓದಿ, ಆಮೇಲೆ ಪಕ್ಕದ ರಕಾರವನ್ನು ಓದಿತು. ಅರ್ಕಾವೊತ್ತಿನಲ್ಲಿ ಮಾತ್ರ ಬರೆದ ಕ್ರಮ ಒಂದು, ಉಚ್ಚರಿಸುವ ಕ್ರಮ ಇನ್ನೊಂದು. ಅಕ್ಷರ ಬಲ್ಲ ನಮಗೆ ಈ ವಿಚಿತ್ರ ಕಣ್ಣಿಗೇ ಬೀಳುವುದಿಲ್ಲ, ಅಷ್ಟು ಅಭ್ಯಾಸವಾಗಿಬಿಟ್ಟಿದೆ. ಮಗುವಿನ ತಪ್ಪು ಅದನ್ನು ನಮಗೆ ತೋರಿಸಿಕೊಡುತ್ತಿದೆ. ಇದನ್ನು ಕಂಡ ಶಿಕ್ಷಕಿ 'ಸೂರ್ಯ'ವನ್ನು ಹತ್ತು ಸಲ ಬರೆಸುವುದಿಲ್ಲ. 'ಸೂರ್ಯ', 'ಧೈರ್ಯ', 'ಮಾರ್ಗ', 'ವರ್ಷ' ಒಟ್ಟಿಗೆ ಇಟ್ಟು, ಮೊದಲು ಕಿವಿಗೆ ಕೇಳಿಸಿ, ಆಮೇಲೆ ರಕಾರ ಎಲ್ಲಿ ಹೋಗಿ ಕುಳಿತಿದೆ ನೋಡು ಎಂದು ಮಗುವಿಗೇ ಹುಡುಕಲು ಬಿಡುತ್ತಾಳೆ. ತರಬೇತಿಯ ಭಾಷಾ ಬೋಧನೆಯ ಪಠ್ಯದಲ್ಲಿ ನಾನು ಬಯಸುವುದು ಇಂಥ ಪುಟಗಳನ್ನು. ಭಾಷೆಯ ಮಹತ್ವದ ಮೇಲಿನ ಪ್ರಬಂಧಗಳು ಸಾಕಷ್ಟಾಗಿವೆ.

ಈಗ ನನ್ನ ವಾದಕ್ಕೆ ಎದುರು ನಿಲ್ಲುವ ಒಂದು ಸಂಗತಿಯನ್ನೂ ಹೇಳಬೇಕು. ಗಣಿತ ಶಿಕ್ಷಣದ ಸಂಶೋಧಕಿ ಲಿಪಿಂಗ್ ಮಾ 1999ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಮೆರಿಕದ 23 ಮತ್ತು ಚೀನಾದ 72 ಪ್ರಾಥಮಿಕ ಶಿಕ್ಷಕರನ್ನು ಹೋಲಿಸಿದ್ದರು. ಒಂದೂಮುಕ್ಕಾಲನ್ನು ಅರ್ಧದಿಂದ ಭಾಗಿಸಿ, ಅದಕ್ಕೆ ಹೊಂದುವ ಒಂದು ಸನ್ನಿವೇಶ ಹೇಳಿ ಎಂಬುದು ಅವರ ಒಂದು ಪ್ರಶ್ನೆ. ಅರ್ಧ ಲೀಟರಿನ ಸೀಸೆಗಳಿಗೆ ಒಂದೂಮುಕ್ಕಾಲು ಲೀಟರ್ ನೀರು ತುಂಬಿದರೆ ಮೂರೂವರೆ ಸೀಸೆ ಎಂಬಂಥ ಉತ್ತರ ಬರಬೇಕು. ಚೀನಾದ ಎಲ್ಲರೂ ಲೆಕ್ಕ ಸರಿ ಮಾಡಿದರು, ಹೆಚ್ಚಿನವರು ಸನ್ನಿವೇಶವನ್ನೂ ಸರಿಯಾಗಿ ಕಟ್ಟಿದರು. ಅಮೆರಿಕದವರಲ್ಲಿ ಅರ್ಧದಷ್ಟು ಮಂದಿಯೂ ಪೂರ್ತಿ ಸರಿಯಾದ ಉತ್ತರಕ್ಕೆ ತಲುಪಲಿಲ್ಲ, ಸನ್ನಿವೇಶ ಕಟ್ಟುವಲ್ಲಿ ಬಹುತೇಕ ಎಲ್ಲರೂ ಎಡವಿದರು. ಅರ್ಧದಿಂದ ಭಾಗಿಸುವ ಬದಲು ಎರಡು ಪಾಲು ಮಾಡುವ ಕಥೆ ಹೇಳಿದವರಿದ್ದರು. ಗಮನಿಸಬೇಕಾದದ್ದು, ಪದವಿ ಇದ್ದದ್ದು ಅಮೆರಿಕದವರಿಗೆ. ಚೀನಾದ ಶಿಕ್ಷಕರು ಓದಿದ ವರ್ಷಗಳೇ ಕಡಿಮೆ.

ಹಾಗಾದರೆ ವಿಶ್ವವಿದ್ಯಾಲಯ ಬೇಡವೇ? ಬೇಕು ಎಂದೇ ನಾನು ಹೇಳುತ್ತೇನೆ, ಆದರೆ ವರ್ಷಗಳನ್ನು ಎಣಿಸುವ ವಿಶ್ವವಿದ್ಯಾಲಯ ಬೇಡ. ಆ ಚೀನೀ ಶಿಕ್ಷಕರು ಪಠ್ಯಪುಸ್ತಕವನ್ನು ಎದುರಿಗಿಟ್ಟುಕೊಂಡು, ಸಹೋದ್ಯೋಗಿಗಳ ಜೊತೆ ಕುಳಿತು, ಈ ಲೆಕ್ಕಕ್ಕಿಂತ ಮೊದಲು ಯಾವುದು ಬರಬೇಕು, ಮಕ್ಕಳು ಯಾವ ಯಾವ ದಾರಿಯಲ್ಲಿ ಮಾಡುತ್ತಾರೆ ಎಂದು ವರ್ಷಾನುಗಟ್ಟಲೆ ಚರ್ಚಿಸುತ್ತಿದ್ದರು. ಅದು ಅಧ್ಯಯನವೇ. ಅಂಥ ಅಧ್ಯಯನಕ್ಕೆ ಸಮಯ, ಪುಸ್ತಕ, ಜೊತೆಗಾರರು, ದಾರಿ ತೋರುವ ಹಿರಿಯರು ಎಲ್ಲವನ್ನೂ ಒಂದೇ ಕಡೆ ಒದಗಿಸಲು ವಿಶ್ವವಿದ್ಯಾಲಯಕ್ಕಿಂತ ತಕ್ಕ ಜಾಗ ಬೇರೆ ಇಲ್ಲ. ಮನಸ್ಸು ಮಾಡಬೇಕಷ್ಟೆ.

ಮನಸ್ಸು ಮಾಡದಿದ್ದಾಗ ಏನಾಗುತ್ತದೆ ಎಂಬುದು ಅಧ್ಯಾಪನ ಅಭ್ಯಾಸದ ದಿನಗಳಲ್ಲಿ ಕಣ್ಣಿಗೆ ರಾಚುತ್ತದೆ. ಪಾಠ ಯೋಜನೆಯ ಕಾಲಂಗಳು ತುಂಬಿರುತ್ತವೆ: ಉದ್ದೇಶ, ಪೀಠಿಕೆ, ಶಿಕ್ಷಕರ ಚಟುವಟಿಕೆ, ವಿದ್ಯಾರ್ಥಿಗಳ ಚಟುವಟಿಕೆ, ಮೌಲ್ಯಮಾಪನ. ವಿದ್ಯಾರ್ಥಿಗಳ ಚಟುವಟಿಕೆಯ ಕಾಲಂನಲ್ಲಿ "ವಿದ್ಯಾರ್ಥಿಗಳು ಉತ್ತರಿಸುವರು" ಎಂದು ಬರೆದಿರುತ್ತದೆ. ಏನೆಂದು ಉತ್ತರಿಸುವರು? ಆ ಒಂದು ಸಾಲಿನಲ್ಲಿ ತರಗತಿಯ ಎಲ್ಲ ಮಕ್ಕಳೂ ಸರಿಯುತ್ತರ ಹೇಳುವ ಒಂದೇ ಮಗುವಾಗಿಬಿಡುತ್ತಾರೆ. ಮೇಲ್ವಿಚಾರಕರ ಷರಾ ಕೂಡ ಹೀಗೇ ಇರುತ್ತದೆ: ಧ್ವನಿ ಸ್ಪಷ್ಟವಾಗಿದೆ, ಕಪ್ಪುಹಲಗೆಯ ಬರಹ ಅಂದವಾಗಿದೆ, ಬೋಧನೋಪಕರಣ ಆಕರ್ಷಕವಾಗಿದೆ. ಇಂಥ ಷರಾ ಬರೆಯಲು ಮಕ್ಕಳ ಕಡೆ ತಿರುಗಿ ನೋಡುವ ಅಗತ್ಯವೇ ಇಲ್ಲ. ನನ್ನ ಕೈಯಲ್ಲಿ ಅಧಿಕಾರವಿದ್ದರೆ ಆ ನಮೂನೆಯಲ್ಲಿ ಒಂದು ಕಾಲಂ ಕಡ್ಡಾಯ ಮಾಡುತ್ತಿದ್ದೆ: ಮಕ್ಕಳು ಹೇಳಬಹುದಾದ ತಪ್ಪು ಉತ್ತರಗಳು, ಅವು ಬಂದಾಗ ನಾನು ಕೇಳುವ ಮುಂದಿನ ಪ್ರಶ್ನೆ.

ಸೂಕ್ಷ್ಮ ಬೋಧನೆಯ ಕಥೆಯೂ ಇದೇ. 1963ರ ಸುಮಾರಿಗೆ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಡ್ವೈಟ್ ಆ್ಯಲನ್ ಮತ್ತು ಸಂಗಡಿಗರು ಇದನ್ನು ರೂಪಿಸಿದಾಗ ಅದು ಚುರುಕಾದ ಸಾಧನವಾಗಿತ್ತು. ಕೆಲವೇ ನಿಮಿಷಗಳ ಪಾಠ, ನಾಲ್ಕೈದು ಮಕ್ಕಳು, ಒಂದೇ ಕೌಶಲ, ವಿಡಿಯೋದಲ್ಲಿ ನೋಡಿ ಚರ್ಚೆ, ಮತ್ತೆ ಪಾಠ. ಅನುಕೂಲಕ್ಕಾಗಿ ಮಕ್ಕಳ ಜಾಗದಲ್ಲಿ ಸಹಪಾಠಿಗಳನ್ನೇ ಕೂರಿಸುವ ರೂಢಿ ಬಂದ ಕಡೆಗಳಲ್ಲಿ ಅದರ ಜೀವವೇ ಹೋಯಿತು. ಸಹಪಾಠಿಗಳು ಮಕ್ಕಳಂತೆ ನಟಿಸಬಹುದು, ಅವರ ತಪ್ಪುಗಳೂ ನಟನೆಯೇ. 0.35 ದೊಡ್ಡದು, 0.8 ಚಿಕ್ಕದು ಎಂದು ಮನಸಾರೆ ನಂಬಿ ವಾದಿಸುವ ಮಗುವನ್ನು ಯಾವ ಪದವೀಧರನೂ ನಟಿಸಿ ತೋರಿಸಲಾರ.

ತಪ್ಪು ಕೇಳಿಸಿಕೊಳ್ಳಬೇಕಾದರೆ ಮೊದಲು ಕಾಯಬೇಕು. ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ ಅವರು ತರಗತಿಗಳ ಧ್ವನಿಮುದ್ರಣ ಆಲಿಸಿ ಕಂಡುಕೊಂಡದ್ದು ಇದು: ಪ್ರಶ್ನೆ ಕೇಳಿದ ಶಿಕ್ಷಕರು ಸರಾಸರಿ ಒಂದು ಸೆಕೆಂಡಿನಷ್ಟು ಕಾಯುತ್ತಾರೆ, ಆಮೇಲೆ ತಾವೇ ಉತ್ತರಿಸುತ್ತಾರೆ ಅಥವಾ ಬೇರೆಯವರನ್ನು ಕೇಳುತ್ತಾರೆ. ಆ ಬಿಡುವನ್ನು ಮೂರು ಸೆಕೆಂಡಿಗೆ ಹಿಗ್ಗಿಸಿದಾಗ ಮಕ್ಕಳ ಉತ್ತರಗಳು ಉದ್ದವಾದವು, ಸುಮ್ಮನಿದ್ದವರೂ ಬಾಯಿ ಬಿಟ್ಟರು. ಎಷ್ಟು ಸಣ್ಣ ಸಂಗತಿ! ಆದರೂ ಹೇಳಿಕೊಟ್ಟು, ಪಕ್ಕದಲ್ಲಿ ನಿಂತು ಅಭ್ಯಾಸ ಮಾಡಿಸದಿದ್ದರೆ ಇದು ಬರುವುದಿಲ್ಲ. ತರಗತಿಯ ಮೌನ ಹೊಸ ಶಿಕ್ಷಕರನ್ನು ಅಷ್ಟು ಹೆದರಿಸುತ್ತದೆ.

ಇದನ್ನೆಲ್ಲ ಓದಿ, ಸಿದ್ಧಾಂತದ ಪಠ್ಯಗಳನ್ನು ಕಿತ್ತುಹಾಕಿ ನೇರವಾಗಿ ಶಾಲೆಗೆ ಕಳಿಸಿ ಎನ್ನುವವರ ಜೊತೆ ನನ್ನನ್ನು ಸೇರಿಸಬೇಡಿ. ಷಿಕಾಗೋ ವಿಶ್ವವಿದ್ಯಾಲಯದಲ್ಲಿ 1896ರಲ್ಲಿ ಮಕ್ಕಳ ಪ್ರಾಯೋಗಿಕ ಶಾಲೆಯೊಂದನ್ನು ತೆರೆದ ತತ್ತ್ವಜ್ಞಾನಿ ಜಾನ್ ಡ್ಯೂಯಿ, ತರಗತಿ ನಿಭಾಯಿಸುವ ಚಾತುರ್ಯವನ್ನಷ್ಟೇ ಬೇಗ ಕಲಿಸಿಬಿಟ್ಟರೆ ಶಿಕ್ಷಕರ ಬೆಳವಣಿಗೆ ಅಲ್ಲಿಗೇ ನಿಲ್ಲಬಹುದೆಂದು 1904ರಲ್ಲೇ ಎಚ್ಚರಿಸಿದ್ದರು. ಉದ್ದ ಲೋಟಕ್ಕೆ ಸುರಿದ ನೀರು ಹೆಚ್ಚಾಯಿತು ಎಂದು ಪುಟ್ಟ ಮಗು ಏಕೆ ಹೇಳುತ್ತದೆ ಎಂದು ಮನೋವಿಜ್ಞಾನಿ ಪಿಯಾಜೆಯವರನ್ನು ಓದಿ ಯೋಚಿಸಿದವರ ಕಿವಿ ಬೇರೆಯಾಗಿರುತ್ತದೆ. ನನ್ನ ಸಿಟ್ಟು ಹಳಸಿದ ಸಿದ್ಧಾಂತದ ಮೇಲೆ. ಪ್ರತಿ ಮಗುವಿಗೂ ಕಣ್ಣಿನ ಕಲಿಕೆ, ಕಿವಿಯ ಕಲಿಕೆ ಎಂಬ ಶೈಲಿ ಇದೆ, ಅದಕ್ಕೆ ಹೊಂದಿಸಿ ಕಲಿಸಬೇಕು ಎಂಬ ಮಾತಿಗೆ ತಕ್ಕ ಪುರಾವೆ ಇಲ್ಲವೆಂದು ನಾಲ್ವರು ಮನೋವಿಜ್ಞಾನಿಗಳು 2008ರಲ್ಲೇ ವಿಸ್ತಾರವಾಗಿ ಪರಿಶೀಲಿಸಿ ಬರೆದರು. ಪರೀಕ್ಷೆಯ ಉತ್ತರಗಳಲ್ಲಿ ಅದು ಇಂದಿಗೂ ಅಂಕ ತರುತ್ತಿದೆ.

ಫಿನ್ಲೆಂಡ್ ಹೆಸರು ಎತ್ತದೆ ಈ ಚರ್ಚೆ ಮುಗಿಯುವುದಿಲ್ಲ. ಅಲ್ಲಿ 1970ರ ದಶಕದಲ್ಲಿ ಶಿಕ್ಷಕ ತರಬೇತಿಯನ್ನು ವಿಶ್ವವಿದ್ಯಾಲಯಗಳಿಗೆ ಒಪ್ಪಿಸಿದರು, ಆ ದಶಕದ ಕೊನೆಗೆ ಸ್ನಾತಕೋತ್ತರ ಪದವಿಯನ್ನೂ ಕಡ್ಡಾಯ ಮಾಡಿದರು. ಎಲ್ಲರೂ ಆ ಪದವಿಯನ್ನೇ ಹೊಗಳುತ್ತಾರೆ. ನನಗೆ ಆಸೆ ಹುಟ್ಟಿಸುವುದು ವಿಶ್ವವಿದ್ಯಾಲಯಗಳೇ ನಡೆಸುವ ಅಭ್ಯಾಸ ಶಾಲೆಗಳು. ಅಲ್ಲಿನ ಶಿಕ್ಷಕರಿಗೆ ಮಕ್ಕಳಿಗೆ ಕಲಿಸುವುದರ ಜೊತೆ ಭಾವಿ ಶಿಕ್ಷಕರನ್ನು ಬೆಳೆಸುವುದೂ ಕೆಲಸದ ಭಾಗ. ಬೇರೆಡೆ ಅಭ್ಯಾಸಕ್ಕೆ ಬಂದ ಪ್ರಶಿಕ್ಷಣಾರ್ಥಿಗಳನ್ನು ಶಾಲೆಗಳು ಎಷ್ಟೋ ಸಲ ಪಾಠದ ವೇಳಾಪಟ್ಟಿಯ ತೂತು ಮುಚ್ಚಲು ಬಳಸಿಕೊಳ್ಳುತ್ತವೆ.

ಈ ವರ್ಷ ಶಿಕ್ಷಣ ಪದವಿಗೆ ಸೇರಬೇಕೆಂದಿರುವವರು ಸಂಸ್ಥೆಯ ಕಟ್ಟಡ, ಫಲಿತಾಂಶ ವಿಚಾರಿಸುವಾಗ ಇನ್ನೂ ಮೂರು ಪ್ರಶ್ನೆ ಕೇಳಿ. ನಿಜವಾದ ಮಕ್ಕಳ ಎದುರು ಮೊದಲ ಸಲ ಕೂರುವುದು ಯಾವಾಗ? ಪಾಠ ನೋಡಲು ಬರುವವರು ಪಾಠ ಮುಗಿದ ಮೇಲೆ ಎಷ್ಟು ಹೊತ್ತು ಕುಳಿತು ಮಾತನಾಡುತ್ತಾರೆ? ಮಕ್ಕಳ ಪುಸ್ತಕಗಳನ್ನು ತಂದು ತರಗತಿಯಲ್ಲಿ ಚರ್ಚಿಸುವ ರೂಢಿ ಇದೆಯೇ? ಕಚೇರಿಯಲ್ಲಿ ಕೇಳಬೇಡಿ, ಅಂತಿಮ ವರ್ಷದ ವಿದ್ಯಾರ್ಥಿಗಳನ್ನು ಕೇಳಿ. ಈಗಾಗಲೇ ಓದುತ್ತಿರುವವರು ಅಭ್ಯಾಸ ಶಾಲೆಯಿಂದ ಬರುವಾಗ ಒಂದಷ್ಟು ತಪ್ಪು ಉತ್ತರಗಳನ್ನು ಹೆಸರಿಲ್ಲದೆ ಬರೆದುಕೊಂಡು ಬನ್ನಿ, ಸಾಧ್ಯವಾದಲ್ಲಿ "ಇದನ್ನು ಹೇಗೆ ಮಾಡಿದೆ, ನನಗೂ ಹೇಳಿಕೊಡು" ಎಂದು ಮಗುವನ್ನೇ ಕೇಳಿ ಅದು ಹೇಳಿದ್ದನ್ನೂ ಬರೆದುಕೊಳ್ಳಿ. ಅಂಥ ಪಟ್ಟಿ ಇದ್ದವರು ಇಲ್ಲಿ ಕೆಳಗೆ ಹಾಕಿ, ಯಾವ ತರಗತಿ, ಯಾವ ವಿಷಯ ಎಂದು ನಮೂದಿಸಿ. ಬಂದ ಒಂದೊಂದನ್ನೂ ಕೂತು ಓದುತ್ತೇನೆ, ನನ್ನ ವಿದ್ಯಾರ್ಥಿಗಳ ಜೊತೆ ಚರ್ಚಿಸಿ ಉತ್ತರಿಸುತ್ತೇನೆ.