ಮೆಟ್ಟಿಲು ಹತ್ತಬೇಡಿ, ಬಂದು ತೋರಿಸಿ

ಸೊಂಟದ ಮೂಳೆ ಮುರಿದು ಆಪರೇಷನ್ ಆದ ಅವ್ವನ ಡಿಸ್ಚಾರ್ಜ್ ಚೀಟಿ ಒಮ್ಮೆ ಓದಿ ನೋಡಬೇಕು. ಓದೋಕೆ ಇಂಗ್ಲಿಷ್ ಬರಬೇಕು, ಅದು ಬೇರೆ ಮಾತು. ವಾಕರ್ ಹಿಡಿದು ಮನೆಯೊಳಗೇ ನಡೆಯಬೇಕು, ನೆಲದ ಮೇಲೆ ಕೂರಬಾರದು, ಮೆಟ್ಟಿಲು ಹತ್ತಬಾರದು ಅಂತ ಇರುತ್ತೆ. ಕೊನೇ ಸಾಲು: ಎರಡು ವಾರ ಬಿಟ್ಟು ಓಪಿಡಿಗೆ ಬನ್ನಿ.

ರಾಯಚೂರಿಂದ ಮಾನ್ವಿ ದಾಟಿ ಅವ್ವನ ಹಳ್ಳಿ. ಬಿದ್ದ ದಿನ 108 ಬಂದು ಕರ್ಕೊಂಡು ಹೋಯ್ತು. ವಾಪಸ್ ಬಿಡೋದು ಅದರ ಕೆಲಸವಲ್ಲ. ಹೆರಿಗೆಯಾದ ಬಾಣಂತಿಯನ್ನು, ಮಗುವನ್ನು ಮನೆ ಬಾಗಿಲಿಗೆ ಬಿಡೋಕೆ ಸರ್ಕಾರದ 'ನಗು ಮಗು' ಗಾಡಿ ಇದೆ, ಬಹಳ ಒಳ್ಳೇದು. ಅವ್ವ ಹುಟ್ಟಿದ್ದು ಸ್ವಲ್ಪ ಮುಂಚೆ ಆಯ್ತು, ಅಷ್ಟೇ.

ಮನೆಯಲ್ಲಿ ಶೌಚಾಲಯ ಇದೆ. ಸ್ವಚ್ಛ ಭಾರತದ 12,000 ರೂಪಾಯಿಯಲ್ಲಿ ಕಟ್ಟಿಸಿದ್ದು, ಕುಕ್ಕರಗಾಲಲ್ಲಿ ಕೂರುವಂಥದ್ದು. ಕಮೋಡ್ ಕುರ್ಚಿ ತನ್ನಿ ಅಂದರು ನರ್ಸಮ್ಮ. ಮಗ ಕುಡುಗೋಲು ಕೆಂಪಗೆ ಕಾಯಿಸಿ, ಮದುವೆ ಮನೆಯ ಪ್ಲಾಸ್ಟಿಕ್ ಕುರ್ಚಿಗೆ ನಡುವೆ ತೂತು ಕೊರೆದ. ಅಂಚು ಚುಚ್ಚುತ್ತೆ ಅಂತ ಸೊಸೆ ಹಳೇ ಸೀರೆ ಸುತ್ತಿದಳು. ಇಡೀ ಜಿಲ್ಲೆಯ ವೃದ್ಧರ ಆರೈಕೆ ವ್ಯವಸ್ಥೆ ಈಗ ಆ ಕುರ್ಚಿ ಮೇಲೆ ಕೂತಿದೆ.

ದಿನಾ ಫಿಸಿಯೋಥೆರಪಿ ಮಾಡಿಸಿ ಅಂತಲೂ ಬರೆದಿದ್ದಾರೆ. ಮೊಮ್ಮಗ ಯೂಟ್ಯೂಬ್ ನೋಡಿ ಕಾಲು ಎತ್ತಿಸ್ತಾನೆ. ನೆಟ್‌ವರ್ಕ್ ಹೋದರೆ ಕಾಲು ಅಲ್ಲೇ ನಿಲ್ಲುತ್ತೆ. ಆಯುಷ್ಮಾನ್ ಪ್ಯಾಕೇಜಿನಲ್ಲಿ ಮನೆಗೆ ಹೋದ ಮೇಲೂ 15 ದಿನದ ಔಷಧಿ ಸೇರಿದೆ. ಮೂಳೆ ಕೂಡೋಕೆ ತಿಂಗಳುಗಟ್ಟಲೆ ಬೇಕು. ಪಾಪ, ಅದು ಪ್ಯಾಕೇಜ್ ಓದಿಲ್ಲ. ಆಮೇಲಿನ ಖರ್ಚಿಗೆ ವಯಸ್ಸಾದವರ ಸಂಧ್ಯಾ ಸುರಕ್ಷಾ ಪಿಂಚಣಿ ತಿಂಗಳಿಗೆ 1,200 ರೂಪಾಯಿ ಇದೆಯಲ್ಲ! ಅದರಲ್ಲೇ ಮಾತ್ರೆ, ಅದರಲ್ಲೇ ಹಾಲು, ಮಿಕ್ಕಿದ್ದರಲ್ಲಿ ಬೇಕಾದರೆ ಒಬ್ಬ ಹೋಂ ನರ್ಸ್ ಇಟ್ಕೊಳ್ಳಿ.

ಎರಡು ವಾರ ಆಯ್ತು. ಕಾರು ಬಾಡಿಗೆ ಕೇಳಿ ಮಗ ಸುಮ್ನಾದ. ಶಕ್ತಿ ಯೋಜನೆಯಲ್ಲಿ ಬಸ್ಸು ಹೆಂಗಸರಿಗೆ ಫ್ರೀ, ಅವ್ವನಿಗೂ ಫ್ರೀ. ಮೆಟ್ಟಿಲು ಮಾತ್ರ ಮೊದಲಿನಷ್ಟೇ ಎತ್ತರ. ಹಿಂದಿನಿಂದ ಇಬ್ಬರು, ಮುಂದಿನಿಂದ ಕಂಡಕ್ಟರ್ ಸೇರಿ ಆಕೆಯನ್ನು ಮೇಲಕ್ಕೆ ಎಳೆದುಕೊಂಡರು. ಆಸ್ಪತ್ರೆಯಲ್ಲಿ ಮೂಳೆ ವಿಭಾಗ ಎಲ್ಲಿರಬೇಕು ಹೇಳಿ? ಮೊದಲ ಮಹಡಿಯಲ್ಲಿ. ಲಿಫ್ಟ್ ಬಾಗಿಲಿಗೆ 'ದುರಸ್ತಿಯಲ್ಲಿದೆ' ಅನ್ನೋ ಬೋರ್ಡ್. ಆ ಬೋರ್ಡಿಗೇ ವಯಸ್ಸಾಗಿದೆ.

ಏದುಸಿರು ಬಿಡುತ್ತಾ ಕೂತ ಅವ್ವನ ಕಾಲು ಮುಟ್ಟಿ ನೋಡಿ ಡಾಕ್ಟರ್ ಗದರಿದರು: "ಏನಮ್ಮಾ, ಊದಿಕೊಂಡಿದೆಯಲ್ಲ! ಮೆಟ್ಟಿಲು ಹತ್ತಬೇಡಿ ಅಂತ ಬರೆದುಕೊಟ್ಟಿದ್ದೆ ತಾನೇ?"